ಖಾಲಿ ಹಾಳೆಯ ಹೆಬ್ಬೆಟ್ಟು

ನಮ್ಮತ್ತೆ ಲಿಂಗಕ್ಕ ಕುರಿಯ ಬಾಯಿ ಮೂಸಿ ನೋಡಿ ಅದಕ್ಕೇನಾಗಿದೆ ಎಂದು ಹೇಳಬಲ್ಲವರು. ಈ ಮನೆಗೆ ಬಂದ ಮೊದಲ ವಾರ ಅದನ್ನು ಕಂಡು ಹೇಸಿದ್ದೆ. ಈಗ ನನ್ನ ಹತ್ತು ತಿಂಗಳ ಮಗಳಿಗೆ ಮೈ ಬಿಸಿಯಾದರೂ ಮೊದಲು ಅವರೇ ಬಾಯಿ ಮೂಸುತ್ತಾರೆ. ನಾನು ಸುಮ್ಮನೆ ನಿಂತಿರುತ್ತೇನೆ. ಆಮೇಲೆ ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತೇನೆ.

ಮಾವ ತೀರಿಕೊಂಡಾಗ ಊರಿನ ಕುರಿಗಾರರ ಸಂಘದವರು ಸದಸ್ಯತ್ವವನ್ನು ಮಗನ ಹೆಸರಿಗೆ ಮಾಡೋಣ ಎಂದಿದ್ದರಂತೆ. ಕಾಯುವವಳು ನಾನು, ಹೆಸರು ಅವನದ್ಯಾಕೆ ಎಂದು ಅತ್ತೆ ಪಟ್ಟು ಹಿಡಿದರು. ಎಂಬತ್ತನಾಲ್ಕು ಸದಸ್ಯರಲ್ಲಿ ಹೆಂಗಸರು ಇಬ್ಬರೇ. ಸಂಘದ ಗುರುತಿನ ಚೀಟಿಯನ್ನು ಅವರು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.

ಆದವಾನಿಯಿಂದ ಕೌತಾಳಂಗೆ ಹೋಗುವ ದಾರಿಯಲ್ಲಿ ನಮ್ಮೂರು, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಸುತ್ತ ಎರೆನೆಲ. ಹತ್ತಿಗೆ ಅದು ಚಿನ್ನ, ಕುರಿಗೆ ಶತ್ರು. ಮಳೆಗಾಲದಲ್ಲಿ ಎರಡು ದಿನ ಆ ಕೆಸರಿನಲ್ಲಿ ನಿಂತರೆ ಗೊರಸಿನ ಸಂದಿ ಕೊಳೆತು ಕುರಿ ಕುಂಟತೊಡಗುತ್ತದೆ, ಮೇಯಲು ಹೋಗಲಾರದೆ ಸೊರಗುತ್ತದೆ. ಅದಕ್ಕೇ ಊರಾಚೆಯ ಮೂರೆಕರೆ ಸಣ್ಣಕಲ್ಲಿನ ಗರಸು ನೆಲ ನಮಗೆ ಅಷ್ಟು ಮುಖ್ಯ. ಎಷ್ಟು ಮಳೆ ಸುರಿದರೂ ಅಲ್ಲಿ ನೀರು ನಿಲ್ಲುವುದಿಲ್ಲ. ಅದು ಸಂಘದ ಜಾಗ. ಮಳೆ ಹಿಡಿದರೆ ಊರಿನ ಹಿಂಡುಗಳೆಲ್ಲ ಅಲ್ಲೇ.

ದೀಪಾವಳಿ ಕಳೆದ ಮೇಲೆ ಹಿಂಡುಗಳು ಸಿರುಗುಪ್ಪದ ಕಡೆಯ ಕಾಲುವೆ ಗದ್ದೆಗಳಿಗೆ ಹೊರಡುತ್ತವೆ. ಕೊಯ್ಲಾದ ಗದ್ದೆಯಲ್ಲಿ ಕುರಿ ಕೂಡಿಸುತ್ತಾರೆ. ಗೊಬ್ಬರ ಗದ್ದೆಯವರಿಗೆ, ಮೇವು ನಮಗೆ. ವಾಪಸ್ಸು ಬರುವುದು ಮುಂಗಾರು ಶುರುವಾಗುವಾಗ. ಈ ನಡುವೆ ಸಂಘದ ಮೀಟಿಂಗು ಕರೆದರೆ ಬರುವವರಾರು? ಹಿಂದೊಮ್ಮೆ ಸತತ ಎರಡು ವರ್ಷ ಜನ ಸೇರದೆ ಸಂಘವೇ ರದ್ದಾಗುವುದರಲ್ಲಿತ್ತಂತೆ. ಆಗ ಹಿರಿಯರು ಒಂದು ದಾರಿ ಹುಡುಕಿದರು. ಹೊರಡುವ ಮುನ್ನ ಎಲ್ಲರೂ ತೀರ್ಮಾನದ ಪುಸ್ತಕದ ಖಾಲಿ ಹಾಳೆಗಳಲ್ಲಿ ಹೆಬ್ಬೆಟ್ಟು ಒತ್ತಿ ಹೋಗುವುದು. ಮೇಲಿನ ಬರಹವನ್ನು ಕಾರ್ಯದರ್ಶಿ ಆಮೇಲೆ ತುಂಬಿಕೊಳ್ಳುತ್ತಾನೆ. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ಹೊಸ ಸೊಸೆಯಾಗಿದ್ದಾಗ ಅತ್ತೆಯ ಹೆಬ್ಬೆರಳಿನ ಮಸಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದವಳೇ ನಾನು.

ಈ ವರ್ಷ ಮೇ ತಿಂಗಳಲ್ಲಿ ಗರಸು ನೆಲದ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದರು. ನಾನು ಫೋನು ಮಾಡಿ ಹೇಳಿದಾಗ ಅತ್ತೆ ಖುಷಿಪಟ್ಟರು. ನಾಯಿ ಬರದ ಹಾಗೆ ಸಂಘದವರೇ ಬೇಲಿ ಹಾಕಿಸಿರಬೇಕು ಎಂದರು. ಜೂನಿನಲ್ಲಿ ಹಿಂಡಿನ ಜೊತೆ ಬಂದು ನೋಡಿದರೆ ಗೇಟಿಗೆ ಬೀಗ. ಆದವಾನಿಯ ಹತ್ತಿ ಮಿಲ್ಲಿನವರಿಗೆ ಗೋಡೌನು ಕಟ್ಟಲು ಇಪ್ಪತ್ತು ವರ್ಷಕ್ಕೆ ಆ ಜಾಗ ಕೊಟ್ಟಾಗಿತ್ತು.

ಸಂಘದ ಅಧ್ಯಕ್ಷ ಪೆದ್ದಣ್ಣ ಅತ್ತೆಯ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಕಿರಿಯ. ಅತ್ತೆ ನೇರ ಅವನ ಮನೆಗೆ ಹೋದರು. ಮಗುವನ್ನೆತ್ತಿಕೊಂಡು ನಾನೂ ಹೋದೆ. ಅವನು ಗೌರವದಿಂದಲೇ ಚಾಪೆ ಹಾಸಿಸಿದ, ಚಹಾ ಕೊಡಿಸಿದ. ಗೋಡೌನು ಬಂದರೆ ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ ಎಂದ.

"ಹುಡುಗ್ರು ಗೋಡೌನಿನ್ಯಾಗ ನಿಲ್ಲಲಿ. ಕುರಿ ಎಲ್ಲಿ ನಿಲ್ಲಬೇಕು, ಅದನ್ನ ಹೇಳು" ಎಂದರು ಅತ್ತೆ.

"ಅಕ್ಕಾ, ಅದು ಪಾಲಕವರ್ಗದ, ಕಮಿಟಿಯವ್ರ ತೀರ್ಮಾನ. ನಂದೊಬ್ಬಂದಲ್ಲ."

"ನಮ್ಮನ್ನ ಕೇಳಿದ್ಯಾ?"

"ಕೇಳಾಕ ನೀವು ಊರಾಗ ಎಲ್ಲಿದ್ರಿ?"

ಅತ್ತೆ ಚಹಾ ಮುಟ್ಟದೆ ಎದ್ದು ಬಂದರು.

ಮನೆಯಲ್ಲಿ ಸಂಘದ ನಿಯಮಗಳ ತೆಲುಗು ಪುಸ್ತಕವಿತ್ತು. ಮಗು ಮಲಗಿದಾಗ ಕೂತು ಓದಿದೆ. ಐದರಲ್ಲಿ ಒಂದು ಪಾಲು ಸದಸ್ಯರು ಸಹಿ ಹಾಕಿ ಕೇಳಿದರೆ ಪಾಲಕವರ್ಗ ಸರ್ವಸದಸ್ಯರ ಸಭೆ ಕರೆಯಲೇಬೇಕು, ಸಂಘದ ನೆಲದ ವಿಷಯ ಆ ಸಭೆಯಲ್ಲೇ ತೀರ್ಮಾನವಾಗಬೇಕು ಎಂದಿತ್ತು. ಲೆಕ್ಕ ಹಾಕಿದರೆ ಹದಿನೇಳು ಮಂದಿ ಸಾಕು. ಅತ್ತೆಯ ಮುಖ ಅರಳಿದ್ದನ್ನು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ.

ನಾಲ್ಕು ದಿನ ಮನೆಮನೆ ತಿರುಗಿದೆವು. ಕಟ್ಟೆಯ ಮೇಲೆ ಕೂತಿದ್ದ ಮೂಕಪ್ಪ, "ಲಿಂಗಕ್ಕ ಎಲೆಕ್ಷನ್ನಿಗೆ ನಿಂತಾಳೇನು?" ಎಂದ. "ನಿಂತ್ರೂ ನಿನ್ನ ವೋಟು ಬ್ಯಾಡಪಾ. ನಿನಗ ನಿನ್ನ ಕುರೀನ ಎಣಿಸಾಕ ಬರಂಗಿಲ್ಲ" ಎಂದರು ಅತ್ತೆ. ಸುತ್ತಲಿದ್ದವರು ನಕ್ಕರು, ಮೂಕಪ್ಪನೂ ನಕ್ಕು ಹೆಬ್ಬೆಟ್ಟು ಒತ್ತಿದ. ಒಟ್ಟು ಹತ್ತೊಂಬತ್ತು ಆದವು.

ಆ ಕಾಗದವನ್ನು ಕಾರ್ಯದರ್ಶಿ ಲಕ್ಷ್ಮಿಕಾಂತನ ಮುಂದಿಟ್ಟೆವು. ಅವನು ತೀರ್ಮಾನದ ಪುಸ್ತಕ ತೆಗೆದು ಜನವರಿಯ ಒಂದು ಹಾಳೆ ತೋರಿಸಿದ. ನಾನು ಗಟ್ಟಿಯಾಗಿ ಓದಿದೆ. ನಿಯಮ ಬದಲಾಗಿತ್ತು. ಸಭೆ ಕೇಳಲು ಇನ್ನು ಮುಂದೆ ಅರ್ಧದಷ್ಟು ಸದಸ್ಯರು ಬೇಕು. ನೆಲದ ವಿಷಯವನ್ನು ಪಾಲಕವರ್ಗವೇ ತೀರ್ಮಾನಿಸುತ್ತದೆ, ಸಭೆಗೆ ತರಬೇಕಾಗಿಲ್ಲ. ಹಾಜರಿದ್ದ ಅರವತ್ತೊಂದು ಸದಸ್ಯರು ಒಮ್ಮತದಿಂದ ಒಪ್ಪಿದ್ದಾರೆ. ಕೆಳಗೆ ಅರವತ್ತೊಂದು ಹೆಬ್ಬೆಟ್ಟು.

"ಒಂಬತ್ತನೇದು ನಿಂದಲ್ಲೇನು, ಅತ್ತಿ?" ಎಂದು ಲಕ್ಷ್ಮಿಕಾಂತ ಕೇಳಿದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದ, ಅಷ್ಟೆ.

ಅತ್ತೆ ಬಗ್ಗಿ ನೋಡಿದರು. ಅವರ ಹೆಬ್ಬೆರಳಿನ ಮೇಲೆ ಅಡ್ಡಕ್ಕೆ ಕುಡುಗೋಲಿನ ಗಾಯದ ಗುರುತಿದೆ. ಹಾಳೆಯ ಮೇಲೂ ಅದೇ ಬಿಳಿ ಗೆರೆ.

"ನಂದಽ" ಎಂದರು.

ಮರುದಿನ ಬಸ್ಸು ಹತ್ತಿ ಆದವಾನಿಗೆ ಹೋದೆವು. ಸಹಕಾರ ಕಚೇರಿಯ ಅಧಿಕಾರಿ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು ನಾವು ಹೇಳಿದ್ದನ್ನೆಲ್ಲ ಕೇಳಿಕೊಂಡರು. ಜನವರಿಯಲ್ಲಿ ನೀವೆಲ್ಲಿದ್ದಿರಿ ಎಂದರು. ಗದ್ದೆಯಲ್ಲಿ, ಕುರಿಯ ಹಿಂದೆ, ಎಂದರು ಅತ್ತೆ. ಹಾಗಾದರೆ ಹೆಬ್ಬೆಟ್ಟು ಹೇಗೆ ಬಂತು? ಅತ್ತೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು.

ಅಧಿಕಾರಿ ಪೆನ್ನು ಕೆಳಗಿಟ್ಟು ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದರು. ಇದನ್ನೇ ಬರೆದು ಕೊಟ್ಟರೆ ವಿಚಾರಣೆ ಮಾಡಿಸುತ್ತೇನೆ. ಆದರೆ ವಿಚಾರಣೆ ಈ ಒಂದು ಹಾಳೆಗೆ ನಿಲ್ಲುವುದಿಲ್ಲ. ಇಷ್ಟು ವರ್ಷಗಳ ಸಭೆಗಳೆಲ್ಲ ಹೀಗೇ ನಡೆದಿದ್ದರೆ ಒಂದೂ ಉಳಿಯುವುದಿಲ್ಲ, ಸಂಘವೂ ಉಳಿಯಲಿಕ್ಕಿಲ್ಲ. ಸಂಘ ಹೋದರೆ ಅದರ ನೆಲ ಸರ್ಕಾರಕ್ಕೆ. ಸಂಘದ ಮೂಲಕ ಬರುವ ಲಸಿಕೆ, ಔಷಧಿ, ಕುರಿಗಳ ವಿಮೆ, ಅವೂ ನಿಲ್ಲುತ್ತವೆ. ಯೋಚಿಸಿ ಬನ್ನಿ, ನಾನಿಲ್ಲೇ ಇರುತ್ತೇನೆ ಎಂದರು. ಅವರ ಮೇಲೆ ಸಿಟ್ಟಾಗಲು ನನಗೆ ಏನೂ ಸಿಗಲಿಲ್ಲ.

ವಿಷಯ ನಮಗಿಂತ ಮೊದಲೇ ಊರು ಮುಟ್ಟಿತ್ತು. ಸಂಜೆ ಒಬ್ಬೊಬ್ಬರೇ ಬಂದು ಕಾಗದದಿಂದ ತಮ್ಮ ಹೆಸರು ಹೊಡೆದುಹಾಕಲು ಹೇಳಿದರು. ಮೂಕಪ್ಪ ಬಾಗಿಲಲ್ಲೇ ನಿಂತ. ಹೋದ ವರ್ಷ ಅವನ ಹನ್ನೊಂದು ಕುರಿ ಸತ್ತಾಗ ವಿಮೆಯಿಂದಲೇ ಅವನು ಮತ್ತೆ ಹಿಂಡು ಕಟ್ಟಿದ್ದ.

"ಗರಸು ಹೋದ್ರ ಕುರಿ ಕುಂಟ್ತಾವ ಅಕ್ಕಾ. ಸಂಘ ಹೋದ್ರ ಸಾಯ್ತಾವ."

ಹೆಸರು ಹೊಡೆಯುತ್ತ ಹೋದವಳು ನಾನು. ಕೊನೆಗೆ ಉಳಿದದ್ದು ನಾಲ್ಕು.

ನಾನು ದೂರಿನ ಅರ್ಜಿ ಬರೆದಿಟ್ಟಿದ್ದೆ. ಮೂರು ದಿನ ಅದು ಗೋಡೆಯ ಗೂಡಿನಲ್ಲಿತ್ತು. ಅತ್ತೆ ದಿನಕ್ಕೊಮ್ಮೆ ಅದನ್ನು ಕೈಗೆತ್ತಿಕೊಂಡು ಮತ್ತೆ ಅಲ್ಲೇ ಇಡುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕರೆದರು.

"ಜ್ಯೋತೀ, ನಿನ್ನ ಗಂಡಗ ಹೇಳು, ಅರ್ಜಿ ಕೊಡಂಗಿಲ್ಲ. ನಾ ಒಬ್ಬಾಕಿ ಒತ್ತಿದ್ರ ಕೊಡ್ತಿದ್ದೆ. ಎಲ್ಲಾರೂ ಒತ್ತೀವಿ."

ತೀರ್ಮಾನದ ಪುಸ್ತಕ ಪಾಲಕವರ್ಗದವರದೇ ಕೈಯಲ್ಲಿರುತ್ತದಲ್ಲ, ನಾಳೆ ಇನ್ನೇನಾದರೂ ಬರೆದರೆ ಏನು ಮಾಡುವುದು ಎಂದು ಕೇಳಿದೆ.

"ಬರಕೊಂತಾರ" ಎಂದರು.

ಜುಲೈ ಕೊನೆಗೆ ಮಳೆ ಹಿಡಿಯಿತು. ಮೊದಲ ವಾರವೇ ನಮ್ಮ ಹದಿನಾಲ್ಕು ಕುರಿ ಕುಂಟಿದವು. ನನ್ನ ಗಂಡ ಶಿವಕೃಷ್ಣ ಅವುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಕಟುಕರಿಗೆ ಕೊಟ್ಟು ಬಂದರು. ಅತ್ತೆ ಹೊರಗೆ ಬರಲಿಲ್ಲ. ಗೋಡೌನಿನ ಪಾಯ ಇನ್ನೂ ತೋಡಿಲ್ಲ. ತಂತಿಯಾಚೆ ಗರಸು ತೊಳೆದಂತೆ ಬರಿದಾಗಿ ಬಿದ್ದಿದೆ.

ಈಗ ಊರಿನ ಹಿಂಡುಗಳು ನಿಲ್ಲುವುದು ಡಾಂಬರು ರಸ್ತೆಯ ಮೇಲೆ. ಕಾಲಿಗೆ ಗಟ್ಟಿ ಸಿಗುವುದು ಅದೊಂದೇ. ಪೆದ್ದಣ್ಣನ ಹಿಂಡೂ ಅಲ್ಲೇ ಇರುತ್ತದೆ. ಇವತ್ತು ಮಧ್ಯಾಹ್ನ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬುತ್ತಿ ಒಯ್ದೆ. ಅತ್ತೆ ತಲೆಗೆ ಗೊಬ್ಬರದ ಚೀಲ ಹೊದ್ದು, ಕೆಂಪು ಟವೆಲು ಹಿಡಿದು, ಹಿಂಡಿನ ಮುಂದೆ ನಿಂತಿದ್ದರು. ಕೌತಾಳಂ ಬಸ್ಸು ಹಾರನ್ನು ಹೊಡೆಯುತ್ತ ಬಂತು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ರಸ್ತೆ ನಿಮ್ಮಪ್ಪಂದೇನಮ್ಮಾ ಎಂದು ಬೈದ. ಅತ್ತೆ ಕುರಿಗಳನ್ನು ಕೆಸರಿಗೆ ಇಳಿಸಿದರು. ಬಸ್ಸು ದಾಟಿದ ಮೇಲೆ ಒಂದೊಂದನ್ನೇ ಮೇಲೆ ಹತ್ತಿಸಿದರು. ಆಮೇಲೆ ಬಗ್ಗಿ, ಒಂದರ ಗೊರಸೆತ್ತಿ, ಟವೆಲಿನ ತುದಿಯಿಂದ ಸಂದಿಯ ಮಣ್ಣು ತೆಗೆಯತೊಡಗಿದರು. ಎದುರಿನಿಂದ ಲಾರಿ ಬರುವುದು ಕಾಣುತ್ತಿತ್ತು.