ನಾನು ಕೈಬಿಟ್ಟ ಮುಳ್ಳುಗಳು

ಎಂಬತ್ತರ ದಶಕದ ನಡುವೆ ರಾಯಚೂರಿನ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಊರು ಮಾನ್ವಿ. ಅಪ್ಪನ ಬಟ್ಟೆ ಅಂಗಡಿಗೆ ಬೋರ್ಡು ಬರೆದು ಪಳಗಿದ ಕೈ, ಆ ಕೈಯ ಮೇಲೆ ನನಗೆ ಸಿಕ್ಕಾಪಟ್ಟೆ ಜಂಬ.

ನಮ್ಮ ಮೇಡಂ ದೇವದುರ್ಗ ತಾಲೂಕಿನ ಗಬ್ಬೂರಿನ ಕೂಲಿಕಾರರ ಮಗಳು. ಲೆಕ್ಚರರ್ ಆದ ಮೇಲೂ ಅವರ ಓದಿನ ಹಸಿವು ತೀರಿರಲಿಲ್ಲ. ಜರ್ಮನಿಗೆ ಕಾರ್ಡು ಬರೆದು ಪ್ಲಾಸ್ಮಾದ ಲೇಖನಗಳನ್ನು ತರಿಸುತ್ತಿದ್ದರು. ಸೂರ್ಯನಲ್ಲಿ ಹುಟ್ಟುವಂಥ ಶಕ್ತಿಯನ್ನು ಇಲ್ಲೇ ಪಡೆಯಲು, ವಿಪರೀತ ಕಾದ ಅನಿಲವನ್ನು, ಅಂದರೆ ಪ್ಲಾಸ್ಮಾವನ್ನು, ಆಯಸ್ಕಾಂತದ ಹಿಡಿತದಲ್ಲಿ ನಿಲ್ಲಿಸುವ ವಿದ್ಯೆ ಅದು. ಹೊರರಾಜ್ಯದ ಪ್ರಯೋಗಾಲಯವೊಂದರ ವಿಜ್ಞಾನಿಯೊಬ್ಬರು ಮೇಡಂ ಕೊಡುವ ಉಪನ್ಯಾಸ ಕೇಳಲು ಬರುವವರಿದ್ದರು. ಮೆಚ್ಚಿದರೆ ಮೇಡಂಗೆ ಅಲ್ಲಿ ಸಂಶೋಧನೆಗೆ ಸೀಟು. ತಪ್ಪಿದರೆ ಮರುವರ್ಷ ವಯಸ್ಸಿನ ಮಿತಿ ಮೀರುತ್ತಿತ್ತು.

ಜರ್ಮನಿಯ ಆ ಲೇಖನವೊಂದರ ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸುವ ಕೆಲಸ ನನ್ನದು. ಪ್ಲಾಸ್ಮಾದ ಅಂಚಿನ ಬೆಳಕನ್ನು ತೋರಿಸುವ ಗೆರೆ, ಅದರ ಉದ್ದಕ್ಕೂ ಮೇಲಕ್ಕೆ ಚಿಮ್ಮಿದ ಚೂಪು ಮುಳ್ಳುಗಳು. ರಾಯಚೂರಿನ ಕರೆಂಟು ಗೊತ್ತಲ್ಲ, ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ನಮ್ಮ ಮೀಟರಿನ ಸೂಜಿ ಜಿಗಿಯುತ್ತಿತ್ತು. ಅಂಥ ಜಿಗಿತ ಬಿಟ್ಟು ಗೆರೆ ಎಳೆಯುವುದೇ ನಮ್ಮ ಲ್ಯಾಬಿನ ಪದ್ಧತಿ. ಜರ್ಮನಿಯಲ್ಲೂ ಗಿರಣಿ ಇದ್ದೀತು ಎಂದುಕೊಂಡು ಎಲ್ಲ ಮುಳ್ಳು ಕೈಬಿಟ್ಟು ನುಣ್ಣಗೆ ಗೆರೆ ಎಳೆದೆ. ಎಂಥ ಶ್ಯಾಣ್ಯಾ ನಾನು! ಹಾಳೆ ಸುತ್ತಿ, ಯಾರಿಗೂ ತೋರಿಸದೆ ನೇರ ಸಭೆಗೇ ಒಯ್ದೆ.

ಮೇಡಂ ಹಾಳೆ ಬಿಚ್ಚಿ ಗೋಡೆಗೆ ತೂಗುಹಾಕಿದರು. ಮೂಲ ಲೇಖನ ವಿಜ್ಞಾನಿಯ ಕೈಯಲ್ಲಿತ್ತು, ಅವರ ಹುಬ್ಬು ಏರಿತು. ಆ ಮುಳ್ಳುಗಳು ಇರಬೇಕಾದವೇ ಎಂದು ನನಗೆ ಆಗ ಹೊಳೆಯಿತು.

ಮೇಡಂ ಕೆಂಪು ಪೆನ್ಸಿಲ್ ಎತ್ತಿಕೊಂಡು, ನೆನಪಿನಿಂದಲೇ ಒಂದೊಂದು ಮುಳ್ಳನ್ನೂ ಬರೆಯತೊಡಗಿದರು. ಬರೆಯುತ್ತಲೇ ವಿವರಿಸಿದರು: ಆಯಸ್ಕಾಂತದ ಹಿಡಿತ ಚೆನ್ನಾದಾಗಲೇ ಅಂಚಿನಲ್ಲಿ ಒತ್ತಡ ಏರುತ್ತದೆ. ತಾಳದೆ ಅಂಚು ಒಡೆದು, ಕೂಡಿಟ್ಟ ಶಾಖದ ಒಂದು ಪಾಲು ಕಣ್ಣುಮಿಟುಕಿಸುವುದರೊಳಗೆ ಗೋಡೆಯ ಪಾಲಾಗುತ್ತದೆ. ಮತ್ತೆ ಒತ್ತಡ ಏರುತ್ತದೆ; ಒಂದೊಂದು ಮುಳ್ಳೂ ಅಂಥ ಒಂದು ಒಡೆತ. ವಿಜ್ಞಾನಿ ಲೇಖನಕ್ಕೆ ಹೋಲಿಸಿ ನೋಡುತ್ತಲೇ ಇದ್ದರು. ಒಂದು ಮುಳ್ಳೂ ಜಾಗ ತಪ್ಪಿರಲಿಲ್ಲ. ನನಗಂತೂ ಕೈ ಮುಗಿಯಬೇಕೆನಿಸಿತು.

ಮೊದಲ ಗೆರೆ ಎಳೆದವರು ಯಾರೆಂದು ವಿಜ್ಞಾನಿ ಕೇಳಿದರು. ನಾನು ಏಳುವುದರೊಳಗೆ ಮೇಡಂ "ಅದು ನಾನೇ ಕಲಿಸಿದ ಪದ್ಧತಿ, ತಪ್ಪು ನನ್ನದು" ಎಂದುಬಿಟ್ಟರು.

ಸೀಟು ಸಿಕ್ಕಿತು. ಬೀಳ್ಕೊಡಲು ಸ್ಟೇಷನ್ನಿಗೆ ಹೋದಾಗ ಕ್ಷಮೆ ಕೇಳುವ ಬದಲು ಅವರ ಟ್ರಂಕನ್ನು ಸೀಟಿನಡಿಗೆ ತಳ್ಳಿ ಇಳಿದೆ. ರೈಲು ಅಲುಗಿದಾಗ ಅವರೇ ಕಿಟಕಿಯಿಂದ ಹೇಳಿದರು:

"ಇನ್ನ ಮ್ಯಾಲ ಸೂಜಿ ಜಿಗದ್ರ ಮೊದಲು ಬರಕೋರಿ. ಆಮ್ಯಾಲ ಬೇಕಾದ್ರ ಕರೆಂಟಿಗೆ ಬೈರಿ."