ಕುಶಲಾ ಸಿನಿಮಾ ನಿಲ್ಲಿಸಿ ಕೇಳುವ ಪ್ರಶ್ನೆ

ಅರ್ಧ ಪರದೆಗೆ ಇಸ್ತ್ರಿ ಆಗಿದೆ, ಇನ್ನರ್ಧ ಕುಶಲಾ ಅವರ ಮಡಿಲಲ್ಲಿದೆ. ಬೆಳಗಿನ ಐದೂವರೆ. ಕಾಪುವಿನ ಮನೆಯ ಚಾವಡಿಯಲ್ಲಿ ಕಂಬಳಿ ಹಾಸಿಕೊಂಡು, ಎರಡು ಬೆಡ್‌ಶೀಟು ಸೇರಿಸಿ ಹೊಲಿದ ಬಿಳಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದಾರೆ. “ಸುಕ್ಕು ಉಳಿದರೆ ಹುಡುಗಿಯ ಮುಖ ಸೊಟ್ಟ ಕಾಣ್ತದೆ. ಮಕ್ಕಳು ನಗ್ತಾರೆ. ಅದು ನಗುವ ಸಿನಿಮಾ ಅಲ್ಲ.”

ಹನ್ನೊಂದು ವರ್ಷಗಳಿಂದ ಇವರ ಕೆಲಸ ಇದೇ. ಪ್ರೊಜೆಕ್ಟರ್, ಸ್ಪೀಕರ್, ಪರದೆ ಹೊತ್ತು, ವಾರಕ್ಕೆ ನಾಲ್ಕು ಸರಕಾರಿ ಶಾಲೆಗಳಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಕಸ, ಕುಡಿತ, ಬಾಲ್ಯವಿವಾಹ, ಶೌಚಾಲಯ ಕುರಿತ ಪುಟ್ಟ ಸಿನಿಮಾಗಳನ್ನು ಮಕ್ಕಳಿಗೆ ತೋರಿಸುತ್ತಾರೆ. ಸಂಬಳ ಕೊಡುವುದು ಮಣಿಪಾಲದ ಒಂದು ಸಣ್ಣ ಸಂಸ್ಥೆ.

ಅದಕ್ಕೆ ಮೊದಲು ಉಡುಪಿಯ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದರು. “ಎಷ್ಟೋ ನೂರು ಮದುವೆ ನೋಡಿದ್ದೇನೆ. ಒಂದರಲ್ಲಿಯೂ ಮದುಮಗಳ ಕೈಗೆ ಮೈಕ್ ಕೊಟ್ಟದ್ದು ನೋಡಲಿಲ್ಲ.” ಅದಕ್ಕೋ ಏನೋ, ಶಾಲೆಯಲ್ಲಿ ಅವರದು ಒಂದೇ ಕ್ರಮ. ಮುಗಿಯಲು ಐದು ನಿಮಿಷ ಇರುವಾಗ ಸಿನಿಮಾ ನಿಲ್ಲಿಸುತ್ತಾರೆ, ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಾರೆ. ಮಕ್ಕಳು ಮಾತಾಡಿದ ಮೇಲೆಯೇ ಉಳಿದದ್ದು.

ಹೋದ ತಿಂಗಳು ಕಾರ್ಕಳದ ಕಡೆಯ ಶಾಲೆಯೊಂದರಲ್ಲಿ ಹಾಗೆಯೇ ಕೇಳಿದರು: “ಈ ಹುಡುಗಿ ಶಾಲೆಯಲ್ಲಿ ನೀರು ಯಾಕೆ ಕುಡಿಯುವುದಿಲ್ಲ?” ಏಳನೆಯ ತರಗತಿಯ ಒಬ್ಬಳು ಎದ್ದು ನಿಂತಳು. “ನಾವೂ ಕುಡಿಯುವುದಿಲ್ಲ ಟೀಚರ್. ನಮ್ಮ ಟಾಯ್ಲೆಟಿನಲ್ಲಿ ಕುರ್ಚಿ ಉಂಟು.”

ವಾರ್ಷಿಕೋತ್ಸವದ ಅತಿಥಿಗಳಿಗೆಂದು ದಾನಿಗಳು ಕೊಟ್ಟ ಪ್ಲಾಸ್ಟಿಕ್ ಕುರ್ಚಿಗಳು ಅವು; ಹುಡುಗಿಯರ ಶೌಚಾಲಯದಲ್ಲಿ ಪೇರಿಸಿ ಬೀಗ ಹಾಕಿದ್ದಾರೆ. ವರ್ಷಕ್ಕೆ ಒಂದು ಸಂಜೆ ಕೂರುವವರ ಕುರ್ಚಿಗೆ ಸೂರು ಬೇಕು, ಬೀಗ ಬೇಕು. ಮುಟ್ಟಾದ ಹುಡುಗಿಗೆ ಒಂದು ಬಾಗಿಲು ಬೇಡ! ಬೆಳಿಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ ಅವಳು ಒಣಗಿದ ಬಾಯಲ್ಲಿ ಕೂತು ನಾಗರಿಕರ ಹಕ್ಕುಗಳನ್ನು ಬಾಯಿಪಾಠ ಮಾಡಬೇಕು.

ಮುಖ್ಯೋಪಾಧ್ಯಾಯರಿಗೆ ಕೋಪ ಬಂದದ್ದು ಕುರ್ಚಿಯ ಮೇಲೆ ಅಲ್ಲ. “ನೀವು ಸಿನಿಮಾ ತೋರಿಸ್ಲಿಕ್ಕೆ ಬಂದದ್ದಾ, ಶಾಲೆಯ ಮರ್ಯಾದೆ ತೆಗೀಲಿಕ್ಕಾ?”

“ನಾನು ಕೇಳಿದ್ದು ಸಿನಿಮಾದ ಹುಡುಗಿಯ ವಿಷಯ ಸಾರ್. ಉತ್ತರ ಹೇಳಿದ್ದು ನಿಮ್ಮ ಹುಡುಗಿ.”

ಮರುವಾರವೇ ಸಂಸ್ಥೆಗೆ ದೂರು ಹೋಯಿತು. ಇದನ್ನು ಬರೆಯುವ ಮೊದಲು ನಾನು ಆ ಶಾಲೆಗೆ ಹೋಗಿ ನೋಡಿ ಬಂದೆ. ಕುರ್ಚಿಗಳು ಅಲ್ಲೇ ಇವೆ, ಈಗ ಮೇಲೊಂದು ಟಾರ್ಪಾಲು ಬೇರೆ. ಆ ಹುಡುಗಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವಳು ಬೈಸಿಕೊಂಡದ್ದು ಸಾಕು.

ಸಂಸ್ಥೆಯ ಚೈತಾಲಿ ಫೋನಿನಲ್ಲಿ ಕೇಳಿಕೊಂಡಿದ್ದಾರಂತೆ: “ಅಕ್ಕಾ, ಸಿನಿಮಾ ಹಾಕಿ, ತೆಗೆದು ಬನ್ನಿ. ಪ್ರಶ್ನೆ ಬೇಡ. ಇನ್ನೊಂದು ದೂರು ಬಂದರೆ ನಿಮ್ಮನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ.” ಅವರನ್ನು ಹೇಗೆ ದೂರಲಿ? ಶಾಲೆಗಳು ಬಾಗಿಲು ಮುಚ್ಚಿದರೆ ಸಂಸ್ಥೆಯೇ ಇಲ್ಲ. ಆದರೆ ಮಾತಾಡಿದ್ದಕ್ಕೆ ಶಿಕ್ಷೆ ಎಂಬ ಪಾಠವನ್ನೂ ಮಕ್ಕಳು ಕಲಿಯುತ್ತಾರೆ. ಅದಕ್ಕೆ ಸಿನಿಮಾ ಬೇಕಾಗಿಲ್ಲ.

ಗಂಡ ಅಣ್ಣು ರಿಕ್ಷಾ ಒರಸುತ್ತಾ ಅಂಗಳದಿಂದಲೇ ಕೆಣಕುತ್ತಾರೆ. “ನಿನ್ನದು ಟಾಕೀಸಾ, ಪೊಲೀಸ್ ಠಾಣೆಯಾ ಮಾರಾಯ್ತಿ? ಸಿನಿಮಾ ನೋಡಿದವರೆಲ್ಲ ದೂರು ಕೊಡ್ತಾರಲ್ಲ!”

“ನಿಮ್ಮ ರಿಕ್ಷಾದಲ್ಲಿ ಮೀಟರ್ ಹಾಕಿ ಅಂತ ನಾನೂ ಒಂದು ಕೊಡ್ತೇನೆ, ನೋಡಿ,” ಎಂದು ಕುಶಲಾ ನಗುತ್ತಾರೆ. ಮತ್ತೆ ಉಳಿದ ಅರ್ಧ ಪರದೆಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಈ ವಯಸ್ಸಿನಲ್ಲಿ, ಐವತ್ತೊಂದರಲ್ಲಿ, ಬೇರೆ ಕೆಲಸ ಯಾರು ಕೊಡುತ್ತಾರೆ?

ಅಷ್ಟರಲ್ಲಿ ಫೋನ್. ಇವತ್ತು ಹೋಗಬೇಕಾದ ಪೆರ್ಡೂರು ಕಡೆಯ ಶಾಲೆಯಿಂದ ವಸಂತಿ ಟೀಚರ್. ಅವರ ದನಿ ನನಗೂ ಕೇಳುತ್ತದೆ: “ಹದಿನೆಂಟು ನಿಮಿಷದ ಸಿನಿಮಾ ಅಲ್ವಾ? ಒಂದು ಪೀರಿಯಡ್ ಧಾರಾಳ ಆಯ್ತಲ್ಲ?”

ಕುಶಲಾ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸುತ್ತಾರೆ. ಗಂಡನ ಕಡೆಗೂ ನೋಡುವುದಿಲ್ಲ, ನನ್ನ ಕಡೆಗೂ ನೋಡುವುದಿಲ್ಲ.

“ಇಲ್ಲ ಟೀಚರ್, ಎರಡು ಪೀರಿಯಡ್ ಇಡಿ.”