ಮಿಸ್ಸಿಂಗ್ ಯಾರದ್ದು?

ನಮ್ಮ ಮನೆಯ ಬೈಕು ನನಗಿಂತ ಮೊದಲೇ ಈ ಮನೆ ಸೇರಿದ್ದು. ಕಾರ್ಬುರೇಟರ್ ಕಾಲದ್ದು. "ಈಗಿನ ಗಾಡಿಗೆ ಕಂಪ್ಯೂಟರ್ ಹಚ್ಚಿ ನೋಡ್ಬೇಕು. ಇದಕ್ಕೆ ಕಿವಿ ಕೊಟ್ರೆ ಸಾಕು" ಎನ್ನುವುದು ನನ್ನ ಗಂಡನ ಹೆಮ್ಮೆ. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಅವರಿಗೊಂದು ಜೆರಾಕ್ಸ್ ಅಂಗಡಿ. ನಾನು ವಾರದಲ್ಲಿ ಕೆಲವು ದಿನ ಬೇಗಾರಿಗೆ ಹೋಗಿ ಅಲ್ಲಿಯ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತೇನೆ. ಬಸ್ಸಿನ ಹೊತ್ತು ನನ್ನ ಕ್ಲಾಸಿನ ಹೊತ್ತಿಗೆ ಕೂಡಿ ಬಾರದ್ದರಿಂದ ಬೈಕು ನನ್ನ ಕೈಗೆ ಬಂತು.

ಒಂದು ದಿನ ಹರಿಹರಪುರ ದಾಟಿ ಸ್ವಲ್ಪ ದೂರ ಹೋಗಿದ್ದೆ. ಎಂಜಿನ್ ಬಿಕ್ಕಳಿಸತೊಡಗಿತು, ಮೆಕ್ಯಾನಿಕ್‌ಗಳು 'ಮಿಸ್ಸಿಂಗ್' ಎನ್ನುತ್ತಾರಲ್ಲ, ಅದು. ಆಕ್ಸಿಲರೇಟರ್ ತಿರುವಿದರೆ ಮುಂದಕ್ಕೆ ಹಾರುವುದು, ಮರುಗಳಿಗೆಯೇ ಸೋತು ಹೋಗುವುದು. ಕೊನೆಗೆ ನಿಂತೇಬಿಟ್ಟಿತು. ಪೆಟ್ರೋಲ್ ಮುಗಿಯಿತೇನೋ ಎಂದು ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ ನೋಡಿದೆ. ಬೇಕಾದಷ್ಟಿತ್ತು. ಮುಚ್ಚಿ ಕಿಕ್ ಹೊಡೆದರೆ ಏನೂ ನಡೆದೇ ಇಲ್ಲವೆಂಬಂತೆ ಹೊರಟಿತು. ಬರುವಾಗಲೂ ಇದೇ ಕತೆ.

ಗಂಡನಿಗೆ ಹೇಳಿದೆ. ಅವರು ಬಸ್ ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ ಬಂದು, "ಎಂತ ಆಗಿಲ್ಲ ಮಾರಾಯ್ತಿ, ಬೆಣ್ಣೆ ಹಾಂಗೆ ಓಡ್ತದೆ" ಎಂದರು. ನಾನು ಬಿಡದಿದ್ದಕ್ಕೆ ಪ್ಲಗ್ ಬದಲಾಯಿಸಿದರು. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದು ಊದಿದರು. ಮತ್ತೆ ಬಸ್ ಸ್ಟ್ಯಾಂಡಿಗೆ ಸುತ್ತು, ಮತ್ತೆ ಬೆಣ್ಣೆ. ಮರುದಿನ ಬೇಗಾರ್ ದಾರಿಯಲ್ಲಿ ಮತ್ತೆ ಬಿಕ್ಕಳಿಕೆ.

ಆ ಸಂಜೆ ಅವರು ತೀರ್ಪು ಕೊಟ್ಟರು. "ಮಿಸ್ಸಿಂಗ್ ಇರೋದು ಗಾಡಿಯಲ್ಲಿ ಅಲ್ಲ, ಓಡಿಸೋರಲ್ಲಿ. ಏರಲ್ಲಿ ನೀನು ಕ್ಲಚ್ ಹಿಡೀತೀಯ."

ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದೆ. "ನಾಳೆ ಅಂಗಡಿ ಮುಚ್ಚಿ. ನನ್ನ ಹಿಂದೆ ಕೂತು ಬೇಗಾರಿಗೆ ಬನ್ನಿ. ದಾರಿಯುದ್ದಕ್ಕೂ ನನ್ನ ಕೈಯೇ ನೋಡ್ತಾ ಇರಿ."

ಬಂದರು. ಬಂದದ್ದಷ್ಟೇ ಅಲ್ಲ, ಹೆಗಲ ಮೇಲಿಂದ ಬಗ್ಗಿ, "ಮೂರನೇ ಗೇರ್ ಹಾಕು", "ಹಾರ್ನ್ ಹೊಡಿ" ಎಂದು ನಡುನಡುವೆ ಹೇಳುತ್ತಲೂ ಇದ್ದರು. ಗಾಡಿ ಕೆಡದಿರಲಿ ಎಂದು ದೇವರಿಗೆ ಕೈಮುಗಿದು ಹೊರಡುವವಳು ನಾನು. ಅಂದು ಮಾತ್ರ ಕೆಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹರಿಹರಪುರ ದಾಟಿದರೂ ಬಿಕ್ಕಳಿಕೆ ಇಲ್ಲ. ಅಷ್ಟರಲ್ಲಿ ಒಂದು ಏರು ಬಂತು. ಬುಡಕ್ಕೆ ಮುಟ್ಟುತ್ತಿದ್ದಂತೆ ಗಾಡಿ ಒಮ್ಮೆ ಕುಲುಕಿತು.

"ಹೊಡೀತು! ನೋಡಿ, ಮಿಸ್ಸಿಂಗ್ ಹೊಡೀತು!" ಎಂದು ಕೂಗಿಯೇಬಿಟ್ಟೆ. "ಕ್ಲಚ್ ಮುಟ್ಟಿದ್ನಾ? ಹೇಳಿ, ಮುಟ್ಟಿದ್ನಾ?"

"ಇಲ್ಲ" ಎಂದರು ಅವರು, ಬಹಳ ಸಣ್ಣ ದನಿಯಲ್ಲಿ.

ಗಾಡಿ ನಿಂತಿತು. ಎದುರಿಗೆ ಏರು, ಮೇಲೆ ಬಿಸಿಲು. ಗಾಡಿ ಹೊರಡದಿದ್ದರೆ ತಳ್ಳಿಕೊಂಡು ನಡೆಯಬೇಕಾದವರು ನಾವಿಬ್ಬರೇ ಎಂಬುದು ಆಗ ಹೊಳೆದು ನನ್ನ ಖುಷಿ ಸ್ವಲ್ಪ ಇಳಿಯಿತು. ಅವರು ಇಳಿದು ಟ್ಯಾಂಕಿನ ಮುಚ್ಚಳ ತೆಗೆದರು. 'ಸ್ಸ್' ಎಂದು ಗಾಳಿ ಎಳೆದುಕೊಂಡ ಸದ್ದು. ಇಣುಕಿ, ಮುಚ್ಚಿ, ಕಿಕ್ ಹೊಡೆದರು. ಎಂಜಿನ್ ಎದ್ದಿತು.

"ನೋಡು, ನಾನು ಮುಟ್ಟಿದ ಕೂಡ್ಲೆ ಸರಿ ಆಯ್ತು."

"ನಾನು ಮುಟ್ಟಿದ್ರೂ ಸರಿ ಆಗ್ತದೆ. ದಿನಾ ಹಿಂಗೇ ಮುಚ್ಚಳ ತೆಗೆದು ನೋಡ್ತೀನಿ, ಆಮೇಲೆ ಹೊರಡ್ತದೆ."

ಅವರು ನನ್ನ ಮುಖ ನೋಡಿದರು. "ದಿನಾನೂ? ಮುಚ್ಚಳ ತೆಗೆದ ಮೇಲೇ?" ಎಂದವರು ಎಂಜಿನ್ ಆರಿಸಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. "ಇದನ್ನ ಮೊದಲೇ ಹೇಳಬಾರದಾ ಮಾರಾಯ್ತಿ!"

"ಕೇಳಿದ್ರಾ ನೀವು?"

ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ. ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕು. ಟ್ಯಾಂಕಿನ ಕತೆಯೂ ಅದೇ. ಗಾಳಿಗೆಂದು ಮುಚ್ಚಳದಲ್ಲೇ ಒಂದು ಸಣ್ಣ ದಾರಿ ಇರುತ್ತದಂತೆ. ಅದು ಕಟ್ಟಿಕೊಂಡರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನ ಸುತ್ತಿನಲ್ಲಿ ಅದೆಲ್ಲಿ ಗೊತ್ತಾಗಬೇಕು? ಖಾತ್ರಿ ಮಾಡಿಕೊಳ್ಳಲು ಮುಚ್ಚಳವನ್ನು ಸಡಿಲವಾಗಿಟ್ಟು, ಸುತ್ತ ಬಟ್ಟೆ ಕಟ್ಟಿ ಹೊರಟೆವು. ಬೇಗಾರಿನವರೆಗೆ ಒಂದೇ ಒಂದು ಬಿಕ್ಕಳಿಕೆ ಇಲ್ಲ.

ಕ್ಲಾಸಿನಲ್ಲಿ ನನ್ನ ಸೂಜಿ ಇಸಿದುಕೊಂಡು ಅವರು ಮುಚ್ಚಳದ ತೂತನ್ನು ಕೆದಕಿದರು. ಉಂಡೆಯಾದ ಒಣಮಣ್ಣು ಉದುರಿತು. ಹೊಲಿಯುತ್ತಿದ್ದ ಹೆಂಗಸರೆಲ್ಲ ಬಂದು ಸುತ್ತ ನಿಂತರು. "ಅಯ್ಯ, ಇದು ಮಣ್ಣಿನ ಗೂಡು ಕಟ್ಟೋ ಕಣಜದ ಕೆಲಸ! ನಮ್ಮನೆ ಸ್ವಿಚ್ ಬೋರ್ಡಿನ ತೂತನ್ನೂ ಬಿಟ್ಟಿಲ್ಲ ಅದು" ಎಂದರು ಒಬ್ಬರು.

ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ನಿಮ್ಮ ಟೀಚರ್ ಗಾಡಿ ಓಡಿಸೋದು ಸರಿಯಾಗೇ ಇದೆ" ಎಂದು ಘೋಷಿಸಿದರು.

"ಸರಿ ಇಲ್ಲ ಅಂದೋರು ಯಾರು?" ಎಂದು ಕಣಜದ ಮಾತೆತ್ತಿದ ಹೆಂಗಸೇ ಕೇಳಿದರು.

ಇವರು ತಲೆ ತಗ್ಗಿಸಿ ಸೂಜಿ ಒರೆಸತೊಡಗಿದರು.

ಸುದ್ದಿ ಕೊಪ್ಪಕ್ಕೂ ಬಂತು. ಒಂದು ದಿನ ನಾನು ಅಂಗಡಿಯಲ್ಲಿದ್ದಾಗ ಮುತ್ತಿನಕೊಪ್ಪದವರೊಬ್ಬರು ಜೆರಾಕ್ಸಿಗೆ ಬಂದವರು, ತಮ್ಮ ಹಳೇ ಬೈಕೂ ಗುಡುಗುಡು ಎನ್ನುತ್ತದೆ, ಕಪ್ಪು ಹೊಗೆ ಬಿಡುತ್ತದೆ ಎಂದರು. "ಇವಳನ್ನೇ ಕೇಳಿ, ಇಲ್ಲಿ ಗಾಡಿ ನೋಡೋದು ಇವಳೇ" ಎಂದು ಗಂಡ ನನ್ನನ್ನು ಮುಂದೆ ಮಾಡಿದರು. ನಾನು ಗಂಭೀರವಾಗಿ ಹೋಗಿ ಟ್ಯಾಂಕಿನ ಮುಚ್ಚಳ ತೆಗೆಸಿದೆ. 'ಸ್ಸ್' ಎಂಬ ಸದ್ದಿಲ್ಲ. ತೂತಿಗೆ ಸೂಜಿ ಹಾಕಿದೆ. ಮಣ್ಣೂ ಇಲ್ಲ. ಗಾಡಿ ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು.

ಆಚೆ ಬದಿಯಲ್ಲಿ ನಿಂತಿದ್ದ ನನ್ನ ಗಂಡ ಬಗ್ಗಿ, ಸ್ಟಾರ್ಟ್ ಮಾಡುವಾಗ ಎತ್ತಿ, ಇಳಿಸಲು ಮರೆತಿದ್ದ ಚೋಕ್ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಇಳಿಸಿದರು. ಎಂಜಿನ್ ಸದ್ದು ಹದಕ್ಕೆ ಬಂತು.

"ಭಾರಿ ಚಲೋ ನೋಡಿದ್ರಿ ಅಕ್ಕ!" ಎಂದು ಮುತ್ತಿನಕೊಪ್ಪದವರು ನನಗೆ ಕೈಮುಗಿದು ಹೊರಟರು. ನಾನು ಗಂಡನ ಮುಖ ನೋಡಲಿಲ್ಲ. ಅವರು ನಗು ತಡೆಯಲಾರದೆ ಜೆರಾಕ್ಸ್ ಮೆಷಿನ್ನಿನ ಹಿಂದೆ ಬಗ್ಗಿ ಕೂತಿದ್ದರು.